ಕಿಮೊ ಪಡೆದವರ ರಕ್ತಹೀನತೆ: ಕಾರಣ ಬರೆಯದಿದ್ದರೆ ಯಾವ ಕೋಡ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಿಮೊಥೆರಪಿ ತೆಗೆದುಕೊಳ್ಳುವವರಿಗೆ ರಕ್ತ ಕಡಿಮೆಯಾದರೆ ಅದನ್ನು ದಾಖಲೆಯಲ್ಲಿ ಹೇಗೆ ಬರೆಯಬೇಕು, ಯಾವ ಕೋಡ್ ಹಾಕಬೇಕು ಅನ್ನುವುದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಪರಿಚಯ: ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕ್ಯಾನ್ಸರ್ ವಿಭಾಗದ ಚಾರ್ಟ್‌ಗಳನ್ನು ಆಡಿಟ್ ಮಾಡುವವಳು. ಅಲ್ಲಿನ ಡಾಕ್ಟರ್ ಬರೆದ ಟಿಪ್ಪಣಿಯನ್ನು ಇಲ್ಲಿನ ಕೋಡರ್ ಓದಿ, ರೋಗಕ್ಕೂ ಚಿಕಿತ್ಸೆಗೂ ಕೋಡ್ ಹಾಕುತ್ತಾರೆ. ಆ ಕೋಡ್ ಆಧಾರದ ಮೇಲೆ ಅಲ್ಲಿನ ವಿಮೆ ಹಣ ಕೊಡುತ್ತದೆ. ನಾನು ಆ ಕೋಡ್ ಸರಿ ಇದೆಯಾ ಎಂದು ನೋಡುತ್ತೇನೆ.

ಮೇಡಂ, ನಾನು ಹಾಸನದವಳು. ಬೆಂಗಳೂರಿನಲ್ಲಿ ಕೋಡರ್ ಆಗಿ ಸೇರಿ ಇನ್ನೂ ವರ್ಷ ಆಗಿಲ್ಲ. ಒಂದು ಚಾರ್ಟ್ ಬಂತು. 58 ವರ್ಷದ ಮಹಿಳೆ, ಎಡ ಸ್ತನದ ಕ್ಯಾನ್ಸರ್, ಕಿಮೊ ನಡೆಯುತ್ತಿದೆ. ಸುಸ್ತು, ಏದುಸಿರು ಅಂತ ದಾಖಲಾಗಿದ್ದಾರೆ. ಹಿಮೊಗ್ಲೋಬಿನ್ 7.2. ‘ಕಿಮೊಥೆರಪಿಯಿಂದ ಬಂದ ರಕ್ತಹೀನತೆ’ ಎಂದು ಡಾಕ್ಟರ್ ಬರೆದಿದ್ದಾರೆ. ಎರಡು ಯೂನಿಟ್ ರಕ್ತ ಕೊಟ್ಟು ಮಾರನೇ ದಿನ ಮನೆಗೆ ಕಳಿಸಿದ್ದಾರೆ. ನಾನು ಕ್ಯಾನ್ಸರ್ ಕೋಡ್ ಮೊದಲು ಹಾಕಿ, ನಂತರ ಡಿ63.0 ಹಾಕಿದೆ. ಆಡಿಟರ್ ಎರಡು ಎರರ್ ಕೊಟ್ಟರು. ಕ್ಯಾನ್ಸರ್ ದೊಡ್ಡ ಕಾಯಿಲೆ ಅಲ್ವಾ? ಅದೇ ಮೊದಲು ಬರಬೇಕಲ್ವಾ?

ನಿಮ್ಮ ಆಡಿಟರ್ ಹೇಳಿದ್ದು ಸರಿ. ಆದರೆ ಬರೀ ಎರರ್ ಕೊಟ್ಟು ಸುಮ್ಮನಾಗದೆ, ಯಾಕೆ ಅಂತ ಕೂರಿಸಿಕೊಂಡು ಹೇಳಬೇಕಿತ್ತು. ಅವರ ಪರವಾಗಿ ನಾನು ಹೇಳುತ್ತೇನೆ.

ಯಾವ ಕಾಯಿಲೆ ದೊಡ್ಡದು ಎಂದು ನೋಡಿ ಕೋಡ್‌ಗಳ ಸಾಲು ನಿಲ್ಲಿಸುವುದಿಲ್ಲ. ರೋಗಿ ಈ ಸಲ ಯಾಕೆ ಬಂದರು, ಏನಕ್ಕೆ ಚಿಕಿತ್ಸೆ ಆಯಿತು ಎಂದು ನೋಡಬೇಕು. ನಿಮ್ಮ ಚಾರ್ಟಿನಲ್ಲಿ ಆಕೆ ಬಂದಿದ್ದು ಸುಸ್ತಿಗೆ. ಆಗಿದ್ದು ರಕ್ತ ಕೊಡುವುದು ಮಾತ್ರ. ಕ್ಯಾನ್ಸರ್‌ಗೆ ಆ ದಿನ ಏನೂ ಮಾಡಿಲ್ಲ. ಇಂಥ ಸಂದರ್ಭಕ್ಕೆ ಅಮೆರಿಕದ ಐಸಿಡಿ-10-ಸಿಎಂ (ರೋಗಗಳ ಕೋಡ್ ಪಟ್ಟಿ) ಗೈಡ್‌ಲೈನ್‌ನಲ್ಲಿ, ಕ್ಯಾನ್ಸರ್ ಅಧ್ಯಾಯದಲ್ಲೇ, ಎರಡು ನಿಯಮ ಒಂದರ ಕೆಳಗೆ ಒಂದು ಇವೆ. ಎರಡನ್ನೂ ಒಟ್ಟಿಗೆ ಓದದಿದ್ದರೆ ಎಲ್ಲರೂ ಎಡವುತ್ತಾರೆ.

ಮೊದಲನೆಯದು, ಕ್ಯಾನ್ಸರಿನಿಂದಲೇ ಬಂದ ರಕ್ತಹೀನತೆ. ಅದಕ್ಕೆ ಡಿ63.0. ಇಲ್ಲಿ ಚಿಕಿತ್ಸೆ ರಕ್ತಹೀನತೆಗೆ ಮಾತ್ರ ಆಗಿದ್ದರೂ ಕ್ಯಾನ್ಸರ್ ಕೋಡ್ ಮೊದಲು ಬರುತ್ತದೆ, ಡಿ63.0 ಅದರ ಹಿಂದೆ. ಡಿ63.0 ಕೆಳಗೆ ‘ಮೊದಲು ಗೆಡ್ಡೆಯ ಕೋಡ್ ಹಾಕಿ’ ಎಂಬ ಸೂಚನೆ ಪುಸ್ತಕದಲ್ಲೇ ಇದೆ. ಎರಡನೆಯದು, ಕಿಮೊದಿಂದ ಬಂದ ರಕ್ತಹೀನತೆ. ಅದಕ್ಕೆ ಡಿ64.81. ಇಲ್ಲಿ ಸಾಲು ತಿರುಗುತ್ತದೆ. ರಕ್ತಹೀನತೆಯ ಕೋಡ್ ಮೊದಲು, ಆಮೇಲೆ ಕ್ಯಾನ್ಸರ್, ಜೊತೆಗೆ ಔಷಧದ ಅಡ್ಡ ಪರಿಣಾಮ ತಿಳಿಸುವ ಟಿ45.1ಎಕ್ಸ್5ಎ.

ಹಾಗಾಗಿ ನಿಮ್ಮ ಚಾರ್ಟಿಗೆ ಡಿ64.81, ನಂತರ ಸಿ50.912 (ಎಡ ಸ್ತನದ ಕ್ಯಾನ್ಸರ್, ಯಾವ ಭಾಗ ಎಂದು ಹೇಳದ್ದು), ನಂತರ ಟಿ45.1ಎಕ್ಸ್5ಎ. ಸ್ತನದ ಯಾವ ಭಾಗ ಎಂದು ಡಾಕ್ಟರ್ ಬರೆದಿದ್ದರೆ 912 ಬಿಟ್ಟು ಆ ಭಾಗದ ಕೋಡ್ ಹಾಕಿ. ಹೊರಗಿನ ಮೇಲ್ಭಾಗ ಆದರೆ ಸಿ50.412. ಆಪರೇಷನ್ ಟಿಪ್ಪಣಿ, ಪೆಥಾಲಜಿ ವರದಿ ತೆರೆದು ನೋಡಿದರೆ ಬಹಳ ಸಲ ಅಲ್ಲಿ ಸಿಗುತ್ತದೆ. ಎರಡು ಎರರ್ ಯಾಕೆ ಬಂತು ಈಗ ತಿಳಿಯಿತಲ್ವಾ? ಒಂದು ಕೋಡ್ ತಪ್ಪಿದ್ದಕ್ಕೆ, ಇನ್ನೊಂದು ಸಾಲು ತಪ್ಪಿದ್ದಕ್ಕೆ.

ಇದು ದಾಖಲಾದ ರೋಗಿಯ ಚಾರ್ಟ್. ಆಸ್ಪತ್ರೆಯ ಪದ್ಧತಿಯಲ್ಲಿ ರಕ್ತ ಕೊಟ್ಟಿದ್ದಕ್ಕೂ ಕೋಡ್ ಹಾಕುವುದಿದ್ದರೆ ಒಂದು ಕಡೆ ಗಮನ ಇಡಿ. ಕೈಯ ರಕ್ತನಾಳದಲ್ಲಿ ಕೊಟ್ಟರೆ 30233ಎನ್1. ಕಿಮೊ ರೋಗಿಗಳಿಗೆ ಎದೆಯ ಹತ್ತಿರ ಪೋರ್ಟ್ ಇಟ್ಟಿರುತ್ತಾರೆ, ಅದರ ಮೂಲಕ ಕೊಟ್ಟರೆ ದೊಡ್ಡ ರಕ್ತನಾಳಕ್ಕೆ ಕೊಟ್ಟ ಹಾಗೆ. ಆಗ 30243ಎನ್1. ನರ್ಸ್ ಬರೆದ ಟ್ರಾನ್ಸ್‌ಫ್ಯೂಷನ್ ಶೀಟ್ ತೆರೆಯದೆ ಇದು ಗೊತ್ತಾಗುವುದಿಲ್ಲ.

ಇನ್ನೊಂದು ಸಂದರ್ಭ ಹೇಳಿಬಿಡುತ್ತೇನೆ. ಇದೇ ಮಹಿಳೆ ಕಿಮೊ ಹಾಕಿಸಿಕೊಳ್ಳಲೆಂದೇ ದಾಖಲಾಗಿ, ಅಲ್ಲಿದ್ದಾಗ ರಕ್ತ ಕಡಿಮೆಯಾಗಿದ್ದರೆ ಕಿಮೊಗೆಂದು ಬಂದದ್ದನ್ನು ಹೇಳುವ ಜೆಡ್51.11 ಮೊದಲು ಬರುತ್ತದೆ. ಬಂದ ಕಾರಣ ಕಿಮೊ ತಾನೇ. ಆಗ ಡಿ64.81 ಹಿಂದೆ ಹೋಗುತ್ತದೆ.

ನಿಮ್ಮ ಟೀಮಿನಲ್ಲಿ ಹಳೆಯ ಕೋಡರ್‌ಗಳಿದ್ದರೆ ಅವರು ಬೇರೆ ರೀತಿ ಹೇಳಬಹುದು. ಅದಕ್ಕೂ ಕಾರಣ ಇದೆ. 2015ರ ಅಕ್ಟೋಬರ್ 1ರವರೆಗೆ ಅಮೆರಿಕದಲ್ಲಿ ಐಸಿಡಿ-9 ಇತ್ತು. ಆಗ ಚಿಕಿತ್ಸೆ ರಕ್ತಹೀನತೆಗೆ ಮಾತ್ರ ಆಗಿದ್ದರೆ, ಕಾರಣ ಕ್ಯಾನ್ಸರ್ ಆಗಲಿ ಕಿಮೊ ಆಗಲಿ, ರಕ್ತಹೀನತೆಯೇ ಮೊದಲು ಬರುತ್ತಿತ್ತು. ಕಿಮೊದ ರಕ್ತಹೀನತೆಗೆ 285.3 ಎಂಬ ಪ್ರತ್ಯೇಕ ಕೋಡ್ ಸಿಕ್ಕಿದ್ದೇ 2009ರಲ್ಲಿ. ಆ ಕಾಲದಲ್ಲಿ ಕಲಿತವರ ಕೈಗೆ ಹಳೆಯ ಸಾಲು ಅಂಟಿಕೊಂಡಿರುತ್ತದೆ. ಹಿರಿಯರು ಹೇಳಿದರೂ ಈ ವರ್ಷದ ಗೈಡ್‌ಲೈನ್ ತೆಗೆದು ನೋಡಿ. ಪ್ರತಿ ಅಕ್ಟೋಬರ್ 1ಕ್ಕೆ ಹೊಸದು ಬರುತ್ತದೆ.

ಡಾಕ್ಟರ್ ಬರೆದಿರುವುದು ಇಷ್ಟೇ: ‘ಅನೀಮಿಯಾ. ಕೊಲೊನ್ ಕ್ಯಾನ್ಸರ್, ಫಾಲ್ಫಾಕ್ಸ್ ನಾಲ್ಕನೇ ಸೈಕಲ್. ಸಿಬಿಸಿ ನೋಡುತ್ತಿರುವುದು.’ (ಫಾಲ್ಫಾಕ್ಸ್ ಒಂದು ಬಗೆಯ ಕಿಮೊ, ಸೈಕಲ್ ಅಂದರೆ ಅದರ ಒಂದು ಸುತ್ತು, ಸಿಬಿಸಿ ರಕ್ತಕಣ ಎಣಿಸುವ ಪರೀಕ್ಷೆ.) ನಾನು ಬಿ.ಫಾರ್ಮ ಓದಿದವನು. ಇದು ಕಿಮೊದಿಂದಲೇ ಎಂದು ನನಗೆ ಗೊತ್ತು. ಡಿ64.81 ಹಾಕೋಣ ಅಂದರೆ ಟೀಮ್ ಲೀಡ್ ಕ್ವೆರಿ ಹಾಕು, ಅಂದರೆ ಡಾಕ್ಟರಿಗೇ ಬರೆದು ಕೇಳು ಅನ್ನುತ್ತಾರೆ. ಕ್ವೆರಿ ಹಾಕಿದರೆ ಚಾರ್ಟ್ ಹೋಲ್ಡ್‌ಗೆ ಹೋಗುತ್ತದೆ, ನನ್ನ ದಿನದ ಟಾರ್ಗೆಟ್ ಬೀಳುತ್ತದೆ. ಓದಿದ್ದು ಬಳಸಬಾರದಾ ಮೇಡಂ? — ತುಮಕೂರಿನ ಓದುಗ

ಓದಿದ್ದನ್ನು ಖಂಡಿತ ಬಳಸಿ. ಎಲ್ಲಿ ಬಳಸಬೇಕು ಅನ್ನುವುದೇ ಪ್ರಶ್ನೆ. ಒಳ್ಳೆಯ ಕ್ವೆರಿ ಬರೆಯುವುದರಲ್ಲಿ ಬಳಸಿ. ಡಾಕ್ಟರ್ ಬರೆಯದ ಕಾರಣವನ್ನು ನೀವು ತುಂಬುವುದಕ್ಕೆ ಬಳಸಬೇಡಿ. ಈ ಅಂಕಣದಲ್ಲಿ ನಾನು ಯಾವುದಾದರೂ ಒಂದು ವಿಷಯಕ್ಕೆ ಪಟ್ಟು ಹಿಡಿಯುವುದಾದರೆ ಅದು ಇದಕ್ಕೇ.

ನಿಮ್ಮ ರೋಗಿಯನ್ನೇ ನೋಡೋಣ. ಕೊಲೊನ್ ಕ್ಯಾನ್ಸರ್ ಇರುವವರಿಗೆ ರಕ್ತ ಕಡಿಮೆಯಾಗಲು ಎಷ್ಟು ದಾರಿ ಇದೆ ಎಂದು ನಿಮಗೂ ಗೊತ್ತು. ಗೆಡ್ಡೆಯಿಂದ ದಿನವೂ ಸ್ವಲ್ಪ ಸ್ವಲ್ಪ ರಕ್ತ ಸೋರಿ ಕಬ್ಬಿಣದ ಅಂಶ ಖಾಲಿಯಾಗಬಹುದು. ಬಲಗಡೆಯ ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟೋ ಸಲ ಹೀಗೇ, ಕಾರಣ ತಿಳಿಯದ ರಕ್ತಹೀನತೆಯಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಅದು ಡಿ50.0. ಒಮ್ಮೆಗೇ ಜಾಸ್ತಿ ರಕ್ತ ಹೋಗಿದ್ದರೆ ಡಿ62. ಕ್ಯಾನ್ಸರ್ ಇರುವ ದೇಹದಲ್ಲಿ ಉರಿಯೂತದಿಂದ ಕಬ್ಬಿಣ ಇದ್ದರೂ ಬಳಕೆಯಾಗದೆ ರಕ್ತ ಕುಗ್ಗಬಹುದು. ಅದು ಡಿ63.0. ಕಿಮೊ ಅಸ್ಥಿಮಜ್ಜೆಯನ್ನು ಅದುಮಿದ್ದರೆ ಡಿ64.81. ಒಬ್ಬರಲ್ಲೇ ಎರಡು ಮೂರು ಕಾರಣ ಸೇರಿರುವುದೂ ಉಂಟು. ‘ಅನೀಮಿಯಾ’ ಎಂಬ ಒಂದು ಪದ ಓದಿ ಇದರಲ್ಲಿ ಯಾವುದು ಎಂದು ಬೆಂಗಳೂರಿನಲ್ಲಿ ಕೂತ ನಾವು ಹೇಗೆ ಹೇಳುವುದು?

ಕೆಲವರು ಕೋಡ್ ಪುಸ್ತಕದ ಇಂಡೆಕ್ಸ್ ತೋರಿಸಿ ವಾದ ಮಾಡುತ್ತಾರೆ. ಇಂಡೆಕ್ಸಿನಲ್ಲಿ ‘ಜೊತೆಗೆ’, ‘ಇಂದ’ ಎಂಬ ಉಪಶೀರ್ಷಿಕೆ ಕೆಳಗೆ ಬರುವ ರೋಗಗಳಿಗೆ ಸಂಬಂಧ ಇದೆ ಎಂದೇ ಹಿಡಿಯಬಹುದು, ಡಾಕ್ಟರ್ ಬಿಡಿಸಿ ಬರೆಯಬೇಕಿಲ್ಲ ಎಂದು. ನಿಯಮ ನಿಜ. ಆದರೆ ರಕ್ತಹೀನತೆಯ ಕೆಳಗೆ ಕ್ಯಾನ್ಸರ್ ಕೂಡ ಹಾಗೇ ಇದೆ, ಕಿಮೊ ಕೂಡ ಹಾಗೇ ಇದೆ. ನಿಮ್ಮ ರೋಗಿಗೆ ಎರಡೂ ಇವೆ. ಒಂದು ಹಿಡಿದರೆ ಕ್ಯಾನ್ಸರ್ ಮೊದಲು, ಇನ್ನೊಂದು ಹಿಡಿದರೆ ರಕ್ತಹೀನತೆ ಮೊದಲು. ಮೊದಲ ಕೋಡೇ ಬದಲಾಗುವ ಜಾಗದಲ್ಲಿ ಊಹೆ ನಡೆಯುವುದಿಲ್ಲ. ಡಾಕ್ಟರನ್ನು ಕೇಳಬೇಕು. ಅವರು ಎರಡೂ ಕಾರಣ ಅಂದರೆ ಎರಡೂ ಕೋಡ್ ಹಾಕಬಹುದು.

ಲ್ಯಾಬ್ ವರದಿ ನೋಡಿ ಕೋಡ್ ಹಾಕುವುದೂ ಹೀಗೇ ತಪ್ಪು. ಹಿಮೊಗ್ಲೋಬಿನ್ 6.8 ಎಂದು ಕಂಡರೂ ಡಾಕ್ಟರ್ ರೋಗದ ಹೆಸರು ಬರೆಯದಿದ್ದರೆ ನಮಗೆ ಕೋಡ್ ಇಲ್ಲ. ಸಂಖ್ಯೆಗೆ ಅರ್ಥ ಹೇಳುವವರು ಡಾಕ್ಟರ್.

ಇನ್ನು ಕ್ವೆರಿ. ‘ಇದು ಕಿಮೊದಿಂದ ಬಂದ ರಕ್ತಹೀನತೆ ಅಲ್ಲವೇ? ದಯವಿಟ್ಟು ಬರೆಯಿರಿ’ ಎಂದು ಕಳಿಸಿದ ಕ್ವೆರಿಗಳನ್ನು ನಾನು ವಾಪಸ್ ಕಳಿಸುತ್ತೇನೆ. ಅದು ಉತ್ತರ ಬಾಯಿಗೆ ಇಟ್ಟು ಕೇಳಿದ ಪ್ರಶ್ನೆ. ಕ್ವೆರಿ ಹೇಗಿರಬೇಕು ಎಂದು ಅಮೆರಿಕದಲ್ಲಿ ವೈದ್ಯಕೀಯ ದಾಖಲೆ ಕೆಲಸದವರ ಸಂಸ್ಥೆಗಳಾದ ಅಹಿಮಾ ಮತ್ತು ಏಸಿಡಿಐಎಸ್ ಒಟ್ಟಾಗಿ ಮಾರ್ಗಸೂಚಿ ಮಾಡಿವೆ. 2022ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಯಾವ ಉತ್ತರ ಕೊಟ್ಟರೆ ಜಾಸ್ತಿ ಹಣ ಬರುತ್ತದೆ ಎಂಬ ಸುಳಿವು ಕೂಡ ಕ್ವೆರಿಯಲ್ಲಿ ಇರಬಾರದು.

ನಿಮ್ಮ ಚಾರ್ಟಿಗೆ ನಾನಾದರೆ ಹೀಗೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಕಳಿಸಬೇಕು, ಸಾರ ಇದು: ‘ನಿಮ್ಮ ಇಂಥ ದಿನದ ಟಿಪ್ಪಣಿಯಲ್ಲಿ ಅನೀಮಿಯಾ ಎಂದಿದೆ. ಮೊದಲ ಸೈಕಲ್‌ಗೆ ಮುಂಚೆ ಹಿಮೊಗ್ಲೋಬಿನ್ 12.1. ಮೂರನೇ ಸೈಕಲ್ ನಂತರ 9.6. ಈಗ 8.4. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಇಷ್ಟು. ಮಲದಲ್ಲಿ ರಕ್ತದ ಪರೀಕ್ಷೆ ಇಂಥ ದಿನ ಆಗಿದೆ, ಫಲಿತಾಂಶ ಇದು. ಈ ರಕ್ತಹೀನತೆಯ ವಿಧ ಮತ್ತು ಕಾರಣವನ್ನು ನಿಮ್ಮ ವೈದ್ಯಕೀಯ ತೀರ್ಮಾನದಂತೆ ತಿಳಿಸುವಿರಾ?’ ಆಮೇಲೆ ಆಯ್ಕೆಗಳು. ಕಿಮೊಥೆರಪಿಯಿಂದ, ಕ್ಯಾನ್ಸರಿನಿಂದ, ರಕ್ತ ಸೋರಿಕೆಯಿಂದ ಬಂದ ಕಬ್ಬಿಣದ ಕೊರತೆ, ಒಂದಕ್ಕಿಂತ ಹೆಚ್ಚು ಕಾರಣ, ಬೇರೆ ಏನಾದರೂ, ಹೇಳಲು ಸಾಧ್ಯವಿಲ್ಲ. ಕೊನೆಯ ಎರಡನ್ನು ಬಿಡಲೇಬೇಡಿ. ಅಂಕಿ ಮತ್ತು ದಿನಾಂಕ ನಿಮ್ಮ ಚಾರ್ಟಿನದೇ ಇರಬೇಕು, ನಾನು ಬರೆದವು ಮಾದರಿಗೆ.

ನೋಡಿ, ನಿಮ್ಮ ಬಿ.ಫಾರ್ಮ ಇಲ್ಲಿ ಕೆಲಸಕ್ಕೆ ಬಂತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೇ ಕಿಮೊ ಶುರುವಾದ ವಾರದಲ್ಲೇ ಹಿಮೊಗ್ಲೋಬಿನ್ ಕುಸಿಯುವುದಿಲ್ಲ. ಬಿಳಿ ಕಣ ವಾರ ಹತ್ತು ದಿನದಲ್ಲಿ ಇಳಿಯುತ್ತದೆ, ಕೆಂಪು ಕಣ ಸೈಕಲ್‌ನಿಂದ ಸೈಕಲ್‌ಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಸಿಸ್‌ಪ್ಲಾಟಿನ್ ತರಹದ ಔಷಧಿ ಕಿಡ್ನಿಗೆ ಪೆಟ್ಟು ಕೊಟ್ಟು, ರಕ್ತ ಹುಟ್ಟಿಸು ಎಂದು ಮಜ್ಜೆಗೆ ಹೇಳುವ ಎರಿಥ್ರೊಪೊಯಿಟಿನ್ ಹಾರ್ಮೋನನ್ನೂ ಕಡಿಮೆ ಮಾಡುತ್ತದೆ. ಇದು ಗೊತ್ತಿರುವ ಕೋಡರ್ ಯಾವ ದಿನದ ಸಿಬಿಸಿ ಕ್ವೆರಿಗೆ ಸೇರಿಸಬೇಕು ಎಂದು ಸರಿಯಾಗಿ ಆರಿಸುತ್ತಾನೆ. ಗೊತ್ತಿಲ್ಲದವನು ಕೊನೆಯ ದಿನದ್ದು ಒಂದನ್ನು ಹಾಕಿ ಕಳಿಸುತ್ತಾನೆ. ಡಾಕ್ಟರ್ ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ.

ಟಾರ್ಗೆಟ್ ವಿಷಯ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹೋಲ್ಡ್‌ಗೆ ಹೋದ ಚಾರ್ಟನ್ನು ಕೋಡರ್ ಲೆಕ್ಕದಿಂದ ಕಳೆಯುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಅದು ಹುಡುಗರಿಗೆ ಊಹೆ ಮಾಡುವುದನ್ನು ಕಲಿಸುತ್ತದೆ. ಕ್ವೆರಿ ಹಾಕಿದ ಚಾರ್ಟ್ ಓದಿದ ಚಾರ್ಟೇ. ಅದರ ಮೇಲೆ ಹೋದ ಸಮಯ ಲೆಕ್ಕಕ್ಕೆ ಬರಬೇಕು ಎಂದು ನಿಮ್ಮ ಲೀಡ್ ಹತ್ತಿರ ಧೈರ್ಯವಾಗಿ ಕೇಳಿ. ಈ ಅಂಕಣ ಓದುವ ಮ್ಯಾನೇಜರ್‌ಗಳಿಗೂ ನನ್ನದು ಇದೇ ಕೋರಿಕೆ.

ಅಕ್ಕಾ, ನಾನು ಕೋಡರ್ ಅಲ್ಲ. ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಕೊಡುತ್ತಿದ್ದಾರೆ. ಮೂರನೆಯದು ಆದ ಮೇಲೆ ಹಿಮೊಗ್ಲೋಬಿನ್ 7ಕ್ಕೆ ಇಳಿಯಿತು. ಅಡ್ಮಿಟ್ ಮಾಡಿ ರಕ್ತ ಕೊಟ್ಟರು. ವಿಮೆಯವರು ಹಣ ತಡೆ ಹಿಡಿದಿದ್ದಾರೆ. ‘ರಕ್ತಹೀನತೆ ಮೊದಲಿನಿಂದ ಇತ್ತೇ, ದಾಖಲೆ ಕೊಡಿ’ ಎಂದಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ತೀವ್ರ ರಕ್ತಹೀನತೆ’ ಎಂದಷ್ಟೇ ಇದೆ. ಏನು ಮಾಡಲಿ?

ಮೊದಲು ಅಮ್ಮ ಹೇಗಿದ್ದಾರೆ? ರಕ್ತ ಕೊಟ್ಟ ಮೇಲೆ ಸ್ವಲ್ಪ ಚೇತರಿಸಿಕೊಂಡಿರಬಹುದು ಅಂದುಕೊಳ್ಳುತ್ತೇನೆ.

ನಿಮ್ಮ ಕಾಗದದಲ್ಲಿ ಆಗಿರುವ ಕೊರತೆ, ಮೇಲೆ ತುಮಕೂರಿನವರ ಚಾರ್ಟಿನಲ್ಲಿ ಆಗಿರುವ ಕೊರತೆಯೇ. ರೋಗದ ಹೆಸರು ಇದೆ, ಕಾರಣ ಇಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆಗಳು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅದರಲ್ಲಿ ಕಿಮೊದ ರಕ್ತಹೀನತೆಗೆ ಅಮೆರಿಕದ ಹಾಗೆ ಪ್ರತ್ಯೇಕ ಕೋಡ್ ಇಲ್ಲ. ಡಿ64.8 ಹಾಕಿ, ಔಷಧಿ ಕಾರಣ ಎಂದು ತೋರಿಸಲು ವೈ43 ಗುಂಪಿನ ಕೋಡ್ ಸೇರಿಸಬೇಕು. ಹಾಗಾಗಿ ಇಲ್ಲಿ ಕೋಡ್‌ಗಿಂತ ಡಾಕ್ಟರ್ ಬರೆದ ವಾಕ್ಯವೇ ನಿಮ್ಮ ಕೈ ಹಿಡಿಯುವುದು.

ವಿಮೆಯವರಿಗೆ ಈ ಅನುಮಾನ ಬರಲು ಒಂದು ಹಿನ್ನೆಲೆ ಇದೆ. ನಮ್ಮಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡ ಜನರಿಗೆ ರಕ್ತಹೀನತೆ ಕಂಡಿತ್ತು. ಹಾಗೆಂದು ನಿಮ್ಮಮ್ಮನಿಗೂ ಮೊದಲೇ ಇತ್ತು ಎಂದು ಹೇಳಲು ಆಗುವುದಿಲ್ಲ. ಇತ್ತೋ ಇಲ್ಲವೋ ಎಂದು ಹೇಳುವ ಕಾಗದ ನಿಮ್ಮ ಫೈಲಿನಲ್ಲೇ ಇದೆ. ಮೊದಲ ಕಿಮೊಗೆ ಮುಂಚೆ ಸಿಬಿಸಿ ಮಾಡಿಯೇ ಇರುತ್ತಾರೆ. ಅದನ್ನು ಹುಡುಕಿ. ಅದು ಸಿಕ್ಕರೆ ಅರ್ಧ ಕೆಲಸ ಆಯಿತು.

ಆಮೇಲೆ ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನೇ ನೋಡಿ. ಡಿಸ್ಚಾರ್ಜ್ ಬರೆದ ಜೂನಿಯರ್ ಡಾಕ್ಟರ್ ಹತ್ತಿರ ಹೋದರೆ ಸುಮ್ನೆ ಅಲೆದಾಟ. ಕೇಳಬೇಕಾದ್ದು ಒಂದು ಸ್ಪಷ್ಟೀಕರಣ ಪತ್ರ. ಅದರಲ್ಲಿ ಕಿಮೊದ ಔಷಧಿಗಳ ಹೆಸರು, ಎಷ್ಟನೇ ಸೈಕಲ್, ಪ್ರತಿ ಸೈಕಲ್ ದಿನಾಂಕ, ಕಿಮೊಗೆ ಮುಂಚಿನ ಮತ್ತು ಈಗಿನ ಹಿಮೊಗ್ಲೋಬಿನ್, ರಕ್ತ ಕೊಟ್ಟ ದಿನ, ಮತ್ತು ಅವರ ಅಭಿಪ್ರಾಯದಲ್ಲಿ ರಕ್ತಹೀನತೆಗೆ ಕಾರಣ ಏನು ಎಂಬ ಒಂದು ಸಾಲು ಇರಲಿ. ಆ ಕೊನೆಯ ಸಾಲೇ ಮುಖ್ಯ. ಪತ್ರಕ್ಕೆ ಬರೆದ ದಿನದ ದಿನಾಂಕವೇ ಇರಬೇಕು. ಹಳೆಯ ಸಮ್ಮರಿಯನ್ನು ತಿದ್ದಿ, ಹಳೆಯ ದಿನಾಂಕ ಹಾಕಿ ಕೊಡಿ ಎಂದು ಕೇಳಬೇಡಿ. ಅದು ನಿಮಗೇ ತಿರುಗುಬಾಣ.

ಕೈ ಜೋಡಿಸಿ ಹೇಳುತ್ತೇನೆ, ಡಾಕ್ಟರಿಗೆ ‘ಹೀಗೇ ಬರೆದುಕೊಡಿ’ ಎಂದು ಒತ್ತಾಯ ಮಾಡಬೇಡಿ. ‘ಕಾರಣ ಬರೆದುಕೊಡಿ’ ಎಂದು ಕೇಳುವುದು ನಿಮ್ಮ ಹಕ್ಕು. ಕಾರಣ ಯಾವುದು ಎಂದು ಹೇಳುವುದು ಅವರ ಕೆಲಸ. ಅಮ್ಮನಿಗೆ ಮೊದಲೇ ಸ್ವಲ್ಪ ರಕ್ತ ಕಡಿಮೆ ಇದ್ದು, ಕಿಮೊ ಆದ ಮೇಲೆ ಜಾಸ್ತಿ ಇಳಿದಿದ್ದರೆ ಅದನ್ನೂ ಹಾಗೇ ಬರೆಯಲಿ. 10 ಇದ್ದದ್ದು 7 ಆಗಿದೆ ಎಂದು ಪ್ರಾಮಾಣಿಕವಾಗಿ ಬರೆದ ಪತ್ರವೂ ಬಲವಾದ ದಾಖಲೆಯೇ.

ಪಾಲಿಸಿಯ ಕಡೆಯಿಂದ ಎರಡು ಮಾತು. 2024ರ ನಿಯಮದ ಪ್ರಕಾರ ಮೊದಲಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಗೆ ಕ್ಲೇಮ್ ಸಿಗದ ಮೊದಲ ಕಾಲ) 36 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಪಾಲಿಸಿ ತಪ್ಪದೆ 60 ತಿಂಗಳು ನಡೆದಿದ್ದರೆ, ಮೋಸ ಸಾಬೀತಾಗದ ಹೊರತು, ಮೊದಲೇ ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ನಿಮ್ಮ ಪಾಲಿಸಿ ಯಾವ ವರ್ಷದ್ದು ನೋಡಿಕೊಳ್ಳಿ. ಪತ್ರ ಕೊಟ್ಟ ಮೇಲೂ ತಡೆ ಹಿಡಿದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಮೆ ದೂರುಗಳಿಗೆ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ವಿಮೆ ತಕರಾರು ತೀರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಒಂಬುಡ್ಸ್‌ಮನ್ ಹತ್ತಿರ ಹೋಗಲು ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ.

ನೀವು ಕೇಳದ ಒಂದು ವಿಷಯ. ಮನೆಯಲ್ಲಿ ಬೀಟ್‌ರೂಟ್, ನುಗ್ಗೆಸೊಪ್ಪು, ಖರ್ಜೂರ ಕೊಡುತ್ತಿರಬಹುದು. ಅಮ್ಮನಿಗೆ ಸೇರಿದರೆ ಕೊಡಿ. ಆದರೆ ಇಲ್ಲಿ ರಕ್ತ ಹುಟ್ಟುವ ಮಜ್ಜೆಗೇ ಔಷಧಿಯ ಪೆಟ್ಟು ಬಿದ್ದಿದ್ದರೆ ಆಹಾರ ಮಾತ್ರದಿಂದ ಬೇಗ ಏರುವುದಿಲ್ಲ. ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ನೀವೇ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ. ಕೂತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು, ಕಪ್ಪು ಮಲ ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಕಿಮೊ ನಡೆಯುವಾಗ ಜ್ವರ ಬಂದರೂ ಹಾಗೇ, ತಕ್ಷಣ ಆಸ್ಪತ್ರೆಗೆ ಹೋಗಿ.

ಟಿ45.1ಎಕ್ಸ್5ರ ಕೊನೆಯಲ್ಲಿ ‘ಎ’ ಅಂದರೆ ಮೊದಲ ಭೇಟಿ ಅಂತಾರೆ. ರೋಗಿ ಮೂರನೇ ಸಲ ರಕ್ತ ಹಾಕಿಸಿಕೊಳ್ಳಲು ಬಂದಾಗ ‘ಡಿ’ ಹಾಕಬೇಕಾ? — ಮೈಸೂರಿನ ಓದುಗಿ

ಬೇಡ. ‘ಎ’ ಅಕ್ಷರ ಎಷ್ಟನೇ ಭೇಟಿ ಎಂದು ಎಣಿಸುವುದಿಲ್ಲ. ಆ ತೊಂದರೆಗೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ‘ಎ’ ಇರುತ್ತದೆ. ಮೂರನೇ ಸಲ ಬಂದರೂ ರಕ್ತ ಕೊಡುವುದು ಚಿಕಿತ್ಸೆಯೇ. ಚಿಕಿತ್ಸೆ ಮುಗಿದು, ಚೇತರಿಕೆ ಹೇಗಿದೆ ಎಂದು ನೋಡಲು ಮಾತ್ರ ಬಂದಾಗ ‘ಡಿ’.

ಇದರ ಜೊತೆ ಇನ್ನೊಂದು. ಅಡ್ಡ ಪರಿಣಾಮದ ಟಿ ಕೋಡ್ ಯಾವತ್ತೂ ಮೊದಲು ನಿಲ್ಲುವುದಿಲ್ಲ. ಔಷಧಿಯಿಂದ ಏನಾಯಿತು ಅನ್ನುವುದು ಮೊದಲು, ಯಾವ ಔಷಧಿ ಅನ್ನುವುದು ನಂತರ. ರಕ್ತಹೀನತೆ ರೇಡಿಯೇಷನ್‌ನಿಂದ ಬಂದಿದ್ದರೆ ಟಿ45 ಬರುವುದೇ ಇಲ್ಲ, ಅಲ್ಲಿ ರೇಡಿಯೇಷನ್ ಕಾರಣ ಎಂದು ತಿಳಿಸುವ ವೈ84.2.

ಚಾರ್ಟಿನಲ್ಲಿ ಅನೀಮಿಯಾ, ಬಿಳಿ ಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ ಎಂದು ಮೂರೂ ಬರೆದಿದ್ದಾರೆ, ಕಾರಣ ಕಿಮೊ. ಮೂರೂ ಸೇರಿದರೆ ಪ್ಯಾನ್‌ಸೈಟೊಪೀನಿಯಾ ಅಲ್ವಾ? ಅದರ ಕೋಡ್ ಡಿ61.810 ಹಾಕಬಹುದಾ? — ಹುಬ್ಬಳ್ಳಿಯ ಓದುಗ

ಡಾಕ್ಟರ್ ಆ ಹೆಸರು ಬರೆದಿದ್ದರೆ ಹಾಕಿ. ಬರೆದಿಲ್ಲದಿದ್ದರೆ ನೀವು ಕೂಡಿಸಬೇಡಿ, ಕ್ವೆರಿ ಹಾಕಿ. ಡಿ61.810 ಅಮೆರಿಕದ ಆಸ್ಪತ್ರೆ ಬಿಲ್ಲಿನಲ್ಲಿ ಡಿ64.81ಕ್ಕಿಂತ ಬಹಳ ತೂಕದ ಕೋಡ್. ಆಡಿಟರ್ ಕಣ್ಣು ಮೊದಲು ಬೀಳುವುದೂ ಅಲ್ಲೇ. ಡಾಕ್ಟರ್ ‘ಕಿಮೊದಿಂದ ಪ್ಯಾನ್‌ಸೈಟೊಪೀನಿಯಾ’ ಎಂದು ಬರೆದ ಮೇಲೆ, ಅದರೊಳಗೇ ಇರುವ ರಕ್ತಹೀನತೆಗೆ ಮತ್ತೆ ಬೇರೆ ಕೋಡ್ ಸೇರಿಸಬೇಡಿ.

ನಮ್ಮ ಕ್ಲಿನಿಕ್ ಪ್ರಾಜೆಕ್ಟ್‌ನಲ್ಲಿ ಡಾರ್ಬೆಪೊಯಿಟಿನ್ (ಮಜ್ಜೆ ರಕ್ತ ಹುಟ್ಟಿಸುವಂತೆ ಮಾಡುವ) ಇಂಜೆಕ್ಷನ್ ಕ್ಲೇಮ್‌ಗಳನ್ನು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಸಾಲು ಸಾಲಾಗಿ ಡಿನೈ ಮಾಡುತ್ತಿದೆ. ಡಿ64.81 ಸರಿಯಾಗಿಯೇ ಇದೆ. ಎಲ್ಲಿ ತಪ್ಪುತ್ತಿದೆ? — ಬೆಂಗಳೂರಿನ ಓದುಗಿ

ಚಾರ್ಟ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಾನು ಮೊದಲು ನೋಡುವ ಜಾಗಗಳು ಇವು. ಈ ಇಂಜೆಕ್ಷನ್ ಕೋಡ್ ಜೆ0881 ಜೊತೆ ಮಾಡಿಫೈಯರ್ (ಕಾರಣ ಹೇಳುವ ಎರಡಕ್ಷರ) ಇದೆಯಾ? ಕಿಮೊದ ರಕ್ತಹೀನತೆಗೆ ಇಎ. ರೇಡಿಯೇಷನ್‌ನದಕ್ಕೆ ಇಬಿ, ಎರಡೂ ಅಲ್ಲದ್ದಕ್ಕೆ ಇಸಿ. ಕ್ಯಾನ್ಸರ್ ರೋಗಿಗೆ ಇಬಿ ಹಾಕಿದರೆ ಹಣ ಬರುವುದಿಲ್ಲ. ಎರಡನೆಯದು, ಇತ್ತೀಚಿನ ಹಿಮೊಗ್ಲೋಬಿನ್ ಅಥವಾ ಹಿಮಟೋಕ್ರಿಟ್ ಕ್ಲೇಮ್ ಮೇಲೆ ಇದೆಯಾ? 2008ರ ಜನವರಿಯಿಂದ ಅದು ಕಡ್ಡಾಯ. ಮೆಡಿಕೇರ್‌ನ 110.21 ಎಂಬ ರಾಷ್ಟ್ರೀಯ ನಿಯಮದ ಪ್ರಕಾರ ಇಂಜೆಕ್ಷನ್ ಶುರು ಮಾಡುವ ಮುಂಚೆ ಹಿಮೊಗ್ಲೋಬಿನ್ 10ಕ್ಕಿಂತ ಕಡಿಮೆ ಇರಬೇಕು. 10.1 ಇದ್ದರೂ ಹೋಯಿತು. ಮೂರನೆಯದು ಯೂನಿಟ್. ಜೆ0881ರಲ್ಲಿ ಒಂದು ಯೂನಿಟ್ ಅಂದರೆ ಒಂದು ಮೈಕ್ರೋಗ್ರಾಂ. 200 ಮೈಕ್ರೋಗ್ರಾಂ ಕೊಟ್ಟಿದ್ದರೆ 200 ಯೂನಿಟ್. ಒಂದು ಸಿರಿಂಜ್ ಎಂದು 1 ಹಾಕಿದ ಕ್ಲೇಮ್‌ಗಳು ನನ್ನ ಮುಂದೆ ಬರುತ್ತಲೇ ಇರುತ್ತವೆ. ನಾಲ್ಕನೆಯದು ದಿನಾಂಕ. ಕೊನೆಯ ಕಿಮೊ ಆಗಿ ಎಂಟು ವಾರ ದಾಟಿದ್ದರೆ ಮೆಡಿಕೇರ್ ಕೊಡುವುದಿಲ್ಲ. ಹಾಗಾಗಿ ಕೊನೆಯ ಕಿಮೊ ದಿನಾಂಕ ಟಿಪ್ಪಣಿಯಲ್ಲಿ ಕಾಣಬೇಕು.

ಇಷ್ಟೊಂದು ಬಿಗಿ ಯಾಕೆ ಅನ್ನಿಸಬಹುದು. ಈ ಇಂಜೆಕ್ಷನ್‌ಗಳಿಂದ ರಕ್ತ ಹೆಪ್ಪುಗಟ್ಟುವ, ಕೆಲವು ಕ್ಯಾನ್ಸರ್‌ಗಳಲ್ಲಿ ರೋಗ ಬೆಳೆಯುವ ಅಪಾಯ ಕಂಡಿತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪೂರ್ತಿ ಗುಣವಾಗುವ ನಿರೀಕ್ಷೆಯಿಂದ ಕಿಮೊ ಪಡೆಯುವವರಿಗೆ ಇದನ್ನು ಕೊಡಬಾರದು ಎಂದು ಔಷಧದ ಲೇಬಲ್ಲಿನಲ್ಲೇ ಇದೆ. ಹಾಗಾಗಿ ಕಿಮೊದ ಉದ್ದೇಶ ಏನು ಎಂದು ಡಾಕ್ಟರ್ ಬರೆದಿದ್ದಾರಾ ನೋಡಿ. ಅದು ಹಣದ ಪ್ರಶ್ನೆಗಿಂತ ಮೊದಲು ರೋಗಿಯ ಸುರಕ್ಷತೆಯ ಪ್ರಶ್ನೆ.

ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಈಗ ಬಿ.ಎಸ್ಸಿ ಕೊನೆಯ ವರ್ಷ. ಮೆಡಿಕಲ್ ಕೋಡಿಂಗ್ ನನ್ನ ಕೈಲಿ ಆಗುತ್ತಾ? — ಚಿತ್ರದುರ್ಗದ ಓದುಗಿ

ಆಗುತ್ತದೆ. ನನ್ನ ಟೀಮಿನ ಗಟ್ಟಿ ಕೋಡರ್‌ಗಳಲ್ಲಿ ಹಳ್ಳಿ ಶಾಲೆಯಿಂದ ಬಂದ ಹುಡುಗಿಯರು ಇದ್ದಾರೆ. ಇಲ್ಲಿ ಇಂಗ್ಲಿಷ್ ಮಾತಾಡುವುದಕ್ಕಿಂತ ಇಂಗ್ಲಿಷ್ ನಿಧಾನವಾಗಿ, ಬಿಡದೆ ಓದುವ ಅಭ್ಯಾಸ ಬೇಕು. ಟಿಪ್ಪಣಿಯ ಮೂರನೇ ಪುಟದಲ್ಲಿ ಅಡಗಿರುವ ಒಂದು ಸಾಲು ಕಣ್ಣು ತಪ್ಪಬಾರದು.

ದುಡ್ಡು ಕಟ್ಟಿ ತರಬೇತಿಗೆ ಸೇರುವ ಮುಂಚೆ ದೇಹರಚನೆ ಓದಿ. ರಕ್ತ, ಮಜ್ಜೆ, ಕಿಡ್ನಿ, ಕರುಳು ಯಾವುದು ಯಾವುದರ ಜೊತೆ ಹೇಗೆ ಸೇರಿದೆ ಎಂದು ಚಿತ್ರ ಬಿಡಿಸಿ ಕಲಿಯಿರಿ. ಐಸಿಡಿ-10-ಸಿಎಂ ಗೈಡ್‌ಲೈನ್ ಉಚಿತವಾಗಿಯೇ ಸಿಗುತ್ತದೆ. ದಿನಕ್ಕೆ ಒಂದೆರಡು ಪುಟ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ನೋಟ್ಸ್ ಮಾಡಿಕೊಳ್ಳಿ. ಅಮೆರಿಕದ ಎಎಪಿಸಿ ಸಂಸ್ಥೆ ಕೋಡರ್‌ಗಳಿಗೆ ನಡೆಸುವ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆ, ನಾಲ್ಕು ಗಂಟೆ, 70 ಶೇಕಡ ಬಂದರೆ ಪಾಸು. ಕೋಡ್ ಪುಸ್ತಕ ಜೊತೆಗೆ ಇಟ್ಟುಕೊಳ್ಳಬಹುದು. ಅದಕ್ಕೇ ಕೋಡ್ ಬಾಯಿಪಾಠ ಮಾಡಬೇಡಿ, ಪುಸ್ತಕದಲ್ಲಿ ಹುಡುಕುವುದನ್ನು ಕಲಿಯಿರಿ. ಅನುಭವ ಇಲ್ಲದೆ ಪಾಸಾದರೆ ಹೆಸರಿನ ಮುಂದೆ ಸಿಪಿಸಿ-ಎ (ಎ ಅಂದರೆ ಅಪ್ರೆಂಟಿಸ್) ಎಂದು ಬರುತ್ತದೆ. ಆ ‘ಎ’ ಕಂಡು ಬೇಜಾರಾಗಬೇಡಿ, ಕೆಲಸ ಮಾಡುತ್ತಾ ಅದು ಹೋಗುತ್ತದೆ. ‘ಕೆಲಸ ಗ್ಯಾರಂಟಿ’ ಎಂದು ಬೋರ್ಡ್ ಹಾಕಿ ಮುಂಗಡ ಪೂರ್ತಿ ಫೀಸು ಕೇಳುವ ಕಡೆ ಮಾತ್ರ ಹೋಗಬೇಡಿ. ಸೇರುವ ಮುಂಚೆ ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರ ಹತ್ತಿರವಾದರೂ ಮಾತಾಡಿ.